ಕಲೆಯೋ, ಗಾಯವೋ? ಹಳೆಯ ಸ್ಟೇನ್‌ಲೆಸ್ ಸ್ಟೀಲ್ ಪೀಪಾಯಿಗಳಿಗೆ ಮರುಜೀವ

ಒಮ್ಮೆ ಬಳಸಿ ಬದಿಗಿಟ್ಟ ಸ್ಟೇನ್‌ಲೆಸ್ ಸ್ಟೀಲ್ ಪಾತ್ರೆಯನ್ನು ಕೊಳ್ಳುವ ಮುನ್ನ ಯಾವುದೇ ಸಣ್ಣ ಉದ್ಯಮಿಯ ಮನಸ್ಸಿನಲ್ಲಿ ಏಳುವ ಪ್ರಶ್ನೆ ಒಂದೇ: ಇದನ್ನು ತೊಳೆದರೆ ಸಾಕೇ, ಅಥವಾ ಇದು ಗುಜರಿಗೆ ಸೇರಬೇಕಾದುದೇ? ಕಡಿಮೆ ಬೆಲೆಗೆ ದೊರೆತ ಪಾತ್ರೆಯು ಮೊದಲ ನೋಟಕ್ಕೆ ಲಾಭವೆಂದೇ ತೋರುತ್ತದೆ. ಆದರೆ ಅದರಲ್ಲಿ ತಯಾರಾದ ಸರಕು ಒಮ್ಮೆ ಕೆಟ್ಟರೂ ಉಳಿಸಿದ ಹಣವೆಲ್ಲ ಅಲ್ಲಿಗೇ ಸಂದಾಯವಾಗುತ್ತದೆ. ಈ ಪ್ರಶ್ನೆಗೆ ಅನುಭವದಿಂದ ಉತ್ತರ ಕಂಡುಕೊಂಡವರಲ್ಲಿ ಅಮೆರಿಕದ ಹವ್ಯಾಸಿ ಬಿಯರ್ ತಯಾರಕರು ಗಮನಾರ್ಹರು.

ಅಮೆರಿಕದಲ್ಲಿ ಮನೆಬಳಕೆಗಾಗಿ ಬಿಯರ್ ತಯಾರಿಸಲು ಅನುವು ಮಾಡಿಕೊಟ್ಟ ಕೇಂದ್ರ ಶಾಸನಕ್ಕೆ ಅಧ್ಯಕ್ಷ ಜಿಮ್ಮಿ ಕಾರ್ಟರ್ 1978ರಲ್ಲಿ ಅಂಕಿತ ಹಾಕಿದರು. ಹವ್ಯಾಸವು ಹಬ್ಬಿದಂತೆ ದೊಡ್ಡ ಕುದಿಪಾತ್ರೆಗಳಿಗೆ ಬೇಡಿಕೆ ಹುಟ್ಟಿತು. ಆಗ ಅನೇಕರ ಕಣ್ಣಿಗೆ ಬಿದ್ದದ್ದು 'ಕೆಗ್' ಎಂದು ಕರೆಯಲಾಗುವ ಬಿಯರ್ ಪೀಪಾಯಿ. 15.5 ಅಮೆರಿಕನ್ ಗ್ಯಾಲನ್, ಅಂದರೆ ಸುಮಾರು 58.7 ಲೀಟರ್ ಹಿಡಿಯುವ ಈ ಪೀಪಾಯಿಯ ಮೇಲ್ಭಾಗವನ್ನು ವೃತ್ತಾಕಾರವಾಗಿ ಕತ್ತರಿಸಿ, ಕೆಳಗೊಂದು ವಾಲ್ವ್ ಜೋಡಿಸಿದರೆ ಗಟ್ಟಿಮುಟ್ಟಾದ ಕುದಿಪಾತ್ರೆ ಸಿದ್ಧ.

ಕತ್ತರಿಸುವ ಮುನ್ನ

ಮೊದಲ ಪ್ರಶ್ನೆ ಒಡೆತನದ್ದು. ಗ್ರಾಹಕನು ಠೇವಣಿ ಕಟ್ಟಿ ತಂದ ಪೀಪಾಯಿ ಬಿಯರ್ ಕಾರ್ಖಾನೆಯ ಸ್ವತ್ತಾಗಿಯೇ ಉಳಿಯುತ್ತದೆ. ಅಡುಗೆ ಅನಿಲದ ಸಿಲಿಂಡರಿಗೆ ಠೇವಣಿ ಕಟ್ಟಿದ ಮಾತ್ರಕ್ಕೆ ಸಿಲಿಂಡರ್ ನಮ್ಮದಾಗುವುದಿಲ್ಲವಷ್ಟೆ, ಇದೂ ಹಾಗೆಯೇ. ಕಾರ್ಖಾನೆಯೇ ಸೇವೆಯಿಂದ ತೆಗೆದು ರಸೀದಿಯೊಡನೆ ಮಾರಿದ ಪೀಪಾಯಿಯನ್ನು ಮಾತ್ರ ಕೊಳ್ಳುವುದು ಕ್ಷೇಮಕರ.

ಎರಡನೆಯದು ಒತ್ತಡದ ಅಪಾಯ. ಖಾಲಿ ಎಂದು ತೋರುವ ಪೀಪಾಯಿಯಲ್ಲಿಯೂ ಇಂಗಾಲದ ಡೈಆಕ್ಸೈಡ್ ಒತ್ತಡದಲ್ಲಿ ಉಳಿದಿರಬಹುದು. ಅದನ್ನು ಪೂರ್ಣವಾಗಿ ಹೊರಬಿಡದೆ ಬಾಯಿಯ ಬಳೆಯನ್ನು ಕಳಚಿದರೆ ಒಳಗಿನ ಉದ್ದನೆಯ ಕೊಳವೆ ಬಾಣದಂತೆ ಚಿಮ್ಮಿ ಪ್ರಾಣಕ್ಕೇ ಸಂಚಕಾರ ತರಬಲ್ಲದು. ವಾಲ್ವನ್ನು ಒತ್ತಿ ಅನಿಲದ ಸದ್ದು ಸಂಪೂರ್ಣ ನಿಂತ ಮೇಲೆಯೇ, ಮುಖವನ್ನು ದೂರವಿರಿಸಿ, ಮುಂದಿನ ಕೆಲಸಕ್ಕೆ ಕೈಹಾಕಬೇಕು.

ಕಣ್ಣಿಗೆ ಕಾಣದ ಕವಚ

ಸ್ಟೇನ್‌ಲೆಸ್ ಸ್ಟೀಲ್ ತುಕ್ಕು ಹಿಡಿಯದಿರುವುದು ಅದರ ಹೊಳಪಿನಿಂದಲ್ಲ. ಇಂತಹ ಪಾತ್ರೆಗಳಲ್ಲಿ ಸಾಮಾನ್ಯವಾಗಿ ಬಳಕೆಯಾಗುವ 304 ದರ್ಜೆಯ ಉಕ್ಕಿನಲ್ಲಿ ಸುಮಾರು ಶೇ. 18ರಷ್ಟು ಕ್ರೋಮಿಯಂ, ಶೇ. 8ರಷ್ಟು ನಿಕ್ಕಲ್ ಇರುತ್ತದೆ. ಕ್ರೋಮಿಯಂ ಗಾಳಿಯ ಆಮ್ಲಜನಕದೊಡನೆ ಸೇರಿ ಮೇಲ್ಮೈಯಲ್ಲಿ ಕೆಲವೇ ನ್ಯಾನೋಮೀಟರ್ ದಪ್ಪದ ಪೊರೆಯನ್ನು ಕಟ್ಟುತ್ತದೆ. ಇದೇ ಉಕ್ಕಿನ ನಿಜವಾದ ಕವಚ. ಗೀರಿದರೂ ಅದು ತಾನೇ ಮತ್ತೆ ಬೆಳೆಯುತ್ತದೆ. ಆದರೆ ಮೇಲ್ಮೈ ಸ್ವಚ್ಛವಾಗಿದ್ದು ಗಾಳಿ ತಾಗುವಂತಿದ್ದರೆ ಮಾತ್ರ. ಆದುದರಿಂದ ಪಾತ್ರೆಯ ಪುನರುಜ್ಜೀವನವೆಂದರೆ ಹೊಳಪು ಕೊಡುವುದಲ್ಲ, ಈ ಕವಚ ಮರಳಿ ಬೆಳೆಯಲು ಅವಕಾಶ ಕಲ್ಪಿಸುವುದು.

ಇದನ್ನರಿಯದೆ ಮಾಡುವ ತಪ್ಪುಗಳಲ್ಲಿ ಎರಡು ಮುಖ್ಯ. ಸಾದಾ ಉಕ್ಕಿನ ತಂತಿಯ ಬ್ರಷ್‌ನಿಂದ ಉಜ್ಜಿದಾಗ ಕಬ್ಬಿಣದ ಸೂಕ್ಷ್ಮ ಕಣಗಳು ಪಾತ್ರೆಗೆ ಅಂಟಿಕೊಂಡು ಕೆಲವೇ ದಿನಗಳಲ್ಲಿ ತುಕ್ಕಿನ ಚುಕ್ಕೆಗಳಾಗುತ್ತವೆ. ಕ್ಲೋರಿನ್‌ಯುಕ್ತ ಬ್ಲೀಚಿಂಗ್ ದ್ರಾವಣದಲ್ಲಿ ನೆನೆಯಿಟ್ಟರೆ ಹಾನಿ ಇನ್ನೂ ಹೆಚ್ಚು: ಕ್ಲೋರೈಡ್ ಕವಚವನ್ನು ಅಲ್ಲಲ್ಲಿ ಭೇದಿಸಿ ಸೂಜಿಮೊನೆಯಂತಹ ಕುಳಿಗಳನ್ನು ಕೊರೆಯುತ್ತದೆ.

ಮೊದಲು ಕ್ಷಾರ, ಅನಂತರ ಆಮ್ಲ

ಹಳೆಯ ಪೀಪಾಯಿಯಲ್ಲಿ ಎರಡು ಬಗೆಯ ಕೊಳೆ ಇರುತ್ತದೆ. ಒಂದು ಸಾವಯವ: ಸೀದ ಸಕ್ಕರೆ, ಪ್ರೋಟೀನ್, ಯೀಸ್ಟಿನ ಶೇಷ. ಇನ್ನೊಂದು ಖನಿಜ: ಬಿಯರ್‌ನಲ್ಲಿನ ಆಕ್ಸಲೇಟ್ ಮತ್ತು ಕ್ಯಾಲ್ಸಿಯಂ ಸೇರಿ ಕಟ್ಟುವ 'ಬಿಯರ್ ಕಲ್ಲು' ಎಂಬ ಬೂದುಬಣ್ಣದ ಗಟ್ಟಿ ಪದರ. ಮೊದಲನೆಯದಕ್ಕೆ ಕ್ಷಾರ ಬೇಕು, ಎರಡನೆಯದಕ್ಕೆ ಆಮ್ಲ ಬೇಕು. ಸಾವಯವ ಕೊಳೆಯು ಖನಿಜವನ್ನು ಮುಚ್ಚಿಕೊಂಡಿರುವುದರಿಂದ ಕ್ಷಾರವೇ ಮೊದಲು.

ಸೋಡಿಯಂ ಪರ್ಕಾರ್ಬೊನೇಟ್ ಬೆರೆತ ಮಾರ್ಜಕವನ್ನು ಬಿಸಿನೀರಿನಲ್ಲಿ ಕರಗಿಸಿ ರಾತ್ರಿಯಿಡೀ ನೆನೆಯಿಟ್ಟರೆ ಕರಿಕಲು ಮೃದುವಾಗಿ ನೈಲಾನ್ ಬ್ರಷ್‌ಗೆ ಬಿಟ್ಟುಬರುತ್ತದೆ. ಈ ಮಾರ್ಜಕವು ಆಮ್ಲಜನಕವನ್ನು ಹೊರಸೂಸುವುದರಿಂದ ಪಾತ್ರೆಯ ಬಾಯಿಯನ್ನು ಬಿಗಿಯಾಗಿ ಮುಚ್ಚಬಾರದು. ಚೆನ್ನಾಗಿ ತೊಳೆದ ಬಳಿಕ ಬಿಯರ್ ಕಲ್ಲಿಗೆ ಫಾಸ್ಫಾರಿಕ್ ಆಮ್ಲ ಆಧಾರಿತ ಮಾರ್ಜಕವನ್ನು ತಯಾರಕರು ಸೂಚಿಸಿದ ಪ್ರಮಾಣದಲ್ಲಿ ಬಳಸಬೇಕು. ಕೈಗವಸು ಮತ್ತು ಕಣ್ಣಿನ ರಕ್ಷಣೆ ಕಡ್ಡಾಯ. ಬ್ಲೀಚಿಂಗ್ ದ್ರಾವಣ ಮತ್ತು ಆಮ್ಲ ಎಂದಿಗೂ ಬೆರೆಯಕೂಡದು. ಬೆರೆತರೆ ವಿಷಕಾರಿ ಕ್ಲೋರಿನ್ ಅನಿಲ ಹೊರಡುತ್ತದೆ.

ವಾಲ್ವ್ ಜೋಡಿಸಲು ಮಾಡಿದ ವೆಲ್ಡಿಂಗ್‌ನ ಸುತ್ತ ಹೊಂಬಣ್ಣದಿಂದ ನೀಲಿಯವರೆಗಿನ ಛಾಯೆ ಕಾಣುತ್ತದೆ. ಅದು ಅಲಂಕಾರವಲ್ಲ, ಎಚ್ಚರಿಕೆ. ಅದರ ಕೆಳಗಿನ ಪದರದಲ್ಲಿ ಕ್ರೋಮಿಯಂ ಕಡಿಮೆಯಾಗಿರುತ್ತದೆ. ಸಾದಾ ಕಬ್ಬಿಣಕ್ಕೆ ಹಿಂದೆಂದೂ ಬಳಸದ ಉಜ್ಜುಚಕ್ರದಿಂದ ಆ ಛಾಯೆಯನ್ನು ತೆಗೆಯಬೇಕು. ವೆಲ್ಡಿಂಗ್ ನಡೆಯುವಾಗ ಒಳಬದಿಗೂ ಆರ್ಗಾನ್ ಅನಿಲದ ರಕ್ಷಣೆ ಒದಗಿಸದಿದ್ದರೆ ಬೆಸುಗೆಯ ಒಳಮೈ ಹರಳುಗಟ್ಟಿದಂತೆ ಒರಟಾಗಿ, ಸೂಕ್ಷ್ಮಜೀವಿಗಳಿಗೆ ನೆಲೆಯಾಗುತ್ತದೆ.

ಕೊನೆಯ ಹಂತ ಕವಚದ ಪುನಃಸ್ಥಾಪನೆ. ಇದಕ್ಕೆ ಸಿಟ್ರಿಕ್ ಆಮ್ಲ ಸಾಕು. ಎಎಸ್‌ಟಿಎಮ್ ಎ967 ಎಂಬ ಮಾನದಂಡವು ಶೇ. 4ರಿಂದ 10ರ ಸಿಟ್ರಿಕ್ ಆಮ್ಲ ದ್ರಾವಣವನ್ನು ಅಂಗೀಕರಿಸಿದೆ. 49ರಿಂದ 60 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಕನಿಷ್ಠ 10 ನಿಮಿಷ ಬೇಕು. ಆಮ್ಲವು ಮೇಲ್ಮೈಯ ಬಿಡಿ ಕಬ್ಬಿಣವನ್ನು ಕರಗಿಸುತ್ತದೆ. ಅನಂತರ ಶುದ್ಧ ನೀರಿನಿಂದ ತೊಳೆದು ಗಾಳಿಯಲ್ಲಿ ಒಣಗಿಸಿದರೆ ಉಳಿದ ಕೆಲಸವನ್ನು ಕ್ರೋಮಿಯಂ ತಾನೇ ಮಾಡಿಕೊಳ್ಳುತ್ತದೆ.

ಕಲೆ ಮತ್ತು ಗಾಯ

ಇಷ್ಟಾದ ಮೇಲೆ ಪಾತ್ರೆಯನ್ನು ಪರೀಕ್ಷಿಸಬೇಕು. ಒಳಮೈಯನ್ನು ಶುದ್ಧ ನೀರಿನಿಂದ ತೇವಗೊಳಿಸಿ, ಒಣಗಲು ಬಿಟ್ಟು, ಒಂದು ದಿನ ಇದನ್ನೇ ಪುನರಾವರ್ತಿಸಿ ನೋಡಿರಿ. ಕಂದು ಚುಕ್ಕೆ ಮೂಡದಿದ್ದರೆ ಕಂಡದ್ದು ಬರಿಯ ಕಲೆ, ಅದು ಹೋಯಿತು. ಮೂಡಿದರೆ ಆಮ್ಲದ ಉಪಚಾರವನ್ನು ಇನ್ನೊಮ್ಮೆ ಮಾಡಬಹುದು. ಆದರೆ ಉಗುರಿಗೆ ತಗಲುವ ಕುಳಿ, ಕೂದಲೆಳೆಯ ಬಿರುಕು ಕಂಡರೆ ಅದು ಗಾಯ. ಎಷ್ಟು ತೊಳೆದರೂ ಅದು ಮಾಯುವುದಿಲ್ಲ. ಆಹಾರ ಪದಾರ್ಥಕ್ಕೆ ಅಂತಹ ಪಾತ್ರೆ ಸಲ್ಲದು.

ನಮ್ಮವರಿಗೆ ಪಾಠ

ಕರ್ನಾಟಕದಲ್ಲಿ ಪರವಾನಗಿಯಿಲ್ಲದೆ ಮದ್ಯ ತಯಾರಿಸಲು 1965ರ ಅಬಕಾರಿ ಕಾಯಿದೆ ಅವಕಾಶ ನೀಡುವುದಿಲ್ಲ. ಆದುದರಿಂದ ಆ ಹವ್ಯಾಸ ಇಲ್ಲಿಗೆ ಅನ್ವಯಿಸದು. ಅನ್ವಯಿಸುವುದು ಉಕ್ಕಿನ ಗುಣ. ಬೆಂಗಳೂರಿನ ಪರವಾನಗಿ ಪಡೆದ ಮೈಕ್ರೋಬ್ರೂವರಿಯ ತೊಟ್ಟಿಗೂ, ಹಾಲಿನ ಡೇರಿಯ ಕ್ಯಾನಿಗೂ, ಹಣ್ಣಿನ ರಸ ಕಾಯಿಸುವ ಪಾತ್ರೆಗೂ ನಿಯಮ ಒಂದೇ. ಡೇರಿಯಲ್ಲಿ ಬಿಯರ್ ಕಲ್ಲಿನ ಬದಲು ಹಾಲಿನ ಕ್ಯಾಲ್ಸಿಯಂ ಪದರ ಕಟ್ಟುತ್ತದೆ. ಅಲ್ಲಿಯೂ ಕ್ಷಾರದ ಬಳಿಕ ಆಮ್ಲವೇ ಮದ್ದು. ಉಪ್ಪಿನ ಅಂಶ ಹೆಚ್ಚಿರುವ ಉಪ್ಪಿನಕಾಯಿ ಘಟಕಗಳಂತೂ ಕುಳಿಗಳ ಬಗೆಗೆ ಇಮ್ಮಡಿ ಜಾಗರೂಕರಾಗಿರಬೇಕು.

ಹಳೆಯ ಪಾತ್ರೆ ಕೊಳ್ಳಲು ಹೋಗುವ ಉದ್ಯಮಿ ತನ್ನೊಡನೆ ಒಯ್ಯಬೇಕಾದದ್ದು ಒಂದು ಟಾರ್ಚ್ ಮಾತ್ರ. ಹೊರಮೈಯ ಹೊಳಪನ್ನು ಮಾರುವವನು ಒಂದು ಗಂಟೆಯಲ್ಲಿ ತರಿಸಬಲ್ಲ. ಒಳಮೈಗೆ ಬೆಳಕು ಹಿಡಿದು, ಬೆಸುಗೆಯ ಅಂಚನ್ನು ಬೆರಳಿನಿಂದ ತಡವಿ ನೋಡಿದ ಬಳಿಕವೇ ಬೆಲೆಯ ಮಾತು ಎತ್ತುವುದು ಲೇಸು.