ಹಳೆಯ ಕೇಸಿನಿಂದ ಹೆಚ್ಚಾದ ಶಿಕ್ಷೆ: ಅಪೀಲಿಗೆ ಅವಕಾಶವಿದೆ



ಜೈಲು ಭೇಟಿಗೆ ಹೋಗುವ ನಮ್ಮ ಧರ್ಮಭಗಿನಿಯರನ್ನೂ ಸ್ವಯಂಸೇವಕರನ್ನೂ ಕೈದಿಗಳ ಮನೆಯವರು ಕೇಳುವುದುಂಟು: "ಹಿಂದೆ ಒಂದು ಕೇಸಿತ್ತು ಅಂತ ಈ ಸಲ ಜಾಸ್ತಿ ಶಿಕ್ಷೆ ಕೊಟ್ಟಿದ್ದಾರೆ. ಇನ್ನೇನೂ ಮಾಡುವ ಹಾಗಿಲ್ಲವೇ?" ಮಾಡಬಹುದು. ಆದರೆ ದಿನಗಳು ಬೇಗ ಕಳೆಯುತ್ತವೆ.

ಘಟ್ಟದ ಮೇಲಿನ ದಾವಣಗೆರೆ ಜಿಲ್ಲೆಯನ್ನೇ ತೆಗೆದುಕೊಳ್ಳೋಣ (ಕರಾವಳಿಯಲ್ಲೂ ಕ್ರಮ ಇದೇ). ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲೂಕುಗಳ ಪ್ರಕರಣದಲ್ಲಿ ಮ್ಯಾಜಿಸ್ಟ್ರೇಟರು ಸಜೆ ವಿಧಿಸಿದರೆ 30 ದಿನಗಳೊಳಗೆ ಜಿಲ್ಲೆಯ ಸೆಷನ್ಸ್ ನ್ಯಾಯಾಲಯಕ್ಕೆ ಅಪೀಲು ಹೋಗಬೇಕು. ಸೆಷನ್ಸ್ ನ್ಯಾಯಾಲಯವೇ ವಿಧಿಸಿದ್ದರೆ 60 ದಿನಗಳೊಳಗೆ ಬೆಂಗಳೂರಿನ ಹೈಕೋರ್ಟಿಗೆ. ತಡವಾದರೆ ಸಕಾರಣ ತೋರಿಸಿ ಮನ್ನಾ ಕೇಳಬಹುದು.

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ ಪ್ರಕಾರ ಕಳವಿಗೆ ಗರಿಷ್ಠ 3 ವರ್ಷ. ಎರಡನೇ ಸಲ ಅಪರಾಧಿಯೆಂದು ತೀರ್ಮಾನವಾದರೆ ಕನಿಷ್ಠ 1 ವರ್ಷ, ಗರಿಷ್ಠ 5 ವರ್ಷ. ಇನ್ನು 13ನೇ ಕಲಮು (ಹಳೆಯ ದಂಡ ಸಂಹಿತೆಯ 75) ಇನ್ನೂ ಕಠಿಣ: ಆಸ್ತಿ ಅಥವಾ ನಾಣ್ಯ-ನೋಟುಗಳಿಗೆ ಸಂಬಂಧಿಸಿದ, 3 ವರ್ಷ ಅಥವಾ ಹೆಚ್ಚು ಸಜೆಗೆ ಅರ್ಹವಾದ ಅಪರಾಧ ಮರುಕಳಿಸಿದರೆ 10 ವರ್ಷದವರೆಗೆ, ಇಲ್ಲವೇ ಜೀವಾವಧಿ. ಮೊದಲ ಸಲ ನಿಜವಾಗಿ ಒಂದೇ ತಿಂಗಳು ಜೈಲಾಗಿದ್ದರೂ ಲೆಕ್ಕಕ್ಕೆ ಬರುತ್ತದೆ.

ಆದ್ದರಿಂದಲೇ ಹಳೆಯ ಶಿಕ್ಷೆಯನ್ನು ಬಾಯಿಮಾತಿನಲ್ಲಿ ಹೇಳಿದರೆ ಸಾಲದು. ಅದರ ದಿನಾಂಕ, ಸ್ಥಳ ದೋಷಾರೋಪಣೆಯಲ್ಲಿ ಇರಬೇಕು. ಆರೋಪಿ ಒಪ್ಪದಿದ್ದರೆ ತೀರ್ಪಿನ ದೃಢೀಕೃತ ಪ್ರತಿಯೋ ಜೈಲಿನ ಪ್ರಮಾಣಪತ್ರವೋ ಬೇಕು. ಜೊತೆಗೆ ಅಂದಿನವನೂ ಇಂದಿನವನೂ ಒಬ್ಬನೇ ಎಂಬುದಕ್ಕೆ ಸಾಕ್ಷ್ಯ ಬೇಕು. ಒಂದೇ ಹೆಸರಿನವರು ಒಂದೇ ಊರಲ್ಲಿ ಎಷ್ಟು ಮಂದಿ ಇಲ್ಲ! ವಕೀಲರು ಮೊದಲು ನೋಡಬೇಕಾದದ್ದು ಇದನ್ನೇ ಎಂದು ನಮ್ಮ ಅಭಿಪ್ರಾಯ. ರೌಡಿ ಪಟ್ಟಿಯಲ್ಲಿ ಹೆಸರಿರುವುದು ಶಿಕ್ಷೆಯಲ್ಲ. ಬಾಕಿ ಇರುವ ಕೇಸೂ ಅಲ್ಲ. ಮೇಲಿನ ಕೋರ್ಟಿನಲ್ಲಿ ರದ್ದಾದ ತೀರ್ಪೂ ಎಣಿಕೆಗೆ ಬಾರದು.

"ಅಪೀಲು ಹಾಕಿದರೆ ಶಿಕ್ಷೆ ಇನ್ನೂ ಹೆಚ್ಚಾದೀತು" ಎಂದು ಹೆದರಿ ಸುಮ್ಮನಿರುವವರಿದ್ದಾರೆ. ಕೈದಿಯ ಅಪೀಲೊಂದರ ಮೇಲೆಯೇ ಶಿಕ್ಷೆ ಹೆಚ್ಚಿಸಲು ಬರುವುದಿಲ್ಲ. ಅದಕ್ಕೆ ಬೇರೆಯೇ ಪ್ರಕ್ರಿಯೆ, ನೋಟಿಸು ಬೇಕು. ಅಪೀಲು ತೀರ್ಮಾನವಾಗುವ ತನಕ ಸಜೆಯನ್ನು ಅಮಾನತಿನಲ್ಲಿಟ್ಟು ಜಾಮೀನು ಕೊಡುವಂತೆಯೂ ಕೇಳಬಹುದು.

ಹಣವಿಲ್ಲದವರು ಕೈಚೆಲ್ಲಬೇಕಾಗಿಲ್ಲ. ಬಂಧನದಲ್ಲಿರುವ ವ್ಯಕ್ತಿಗೆ 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಡಿ ಉಚಿತ ವಕೀಲರು ಸಿಗುತ್ತಾರೆ. ತಾಲೂಕು ಕಾನೂನು ಸೇವಾ ಸಮಿತಿಗೆ ಹೋಗಬಹುದು, 15100ಕ್ಕೆ ಕರೆ ಮಾಡಬಹುದು. ಕೈದಿಯು ಅಪೀಲು ಅರ್ಜಿಯನ್ನು ಜೈಲಿನ ಅಧಿಕಾರಿಯ ಕೈಗೇ ಕೊಟ್ಟರೂ ನಡೆಯುತ್ತದೆ. ಭೇಟಿಗೆ ಹೋಗುವವರು ಎರಡೂ ತೀರ್ಪುಗಳ ದಿನಾಂಕ ಹಾಗೂ ಕೇಸಿನ ನಂಬರನ್ನು ಅಂದೇ ಬರೆದುಕೊಂಡು ಬನ್ನಿ.