ಯಂತ್ರದ ನೆನಪನ್ನು ಕಾಯುವ ಪುಟ್ಟ ಬ್ಯಾಟರಿ

ಪ್ಯಾಕಿಂಗ್ ಯಂತ್ರ, ಪ್ಲಾಸ್ಟಿಕ್ ಅಚ್ಚಿನ ಯಂತ್ರ ಮುಂತಾದವುಗಳನ್ನಿಟ್ಟುಕೊಂಡು ಸಣ್ಣ ಉದ್ಯಮ ನಡೆಸುವ ಕುಟುಂಬಗಳು ನಮ್ಮಲ್ಲಿ ಅನೇಕ. ಇಂಥ ಬಹುತೇಕ ಯಂತ್ರಗಳ ಪ್ಯಾನೆಲ್ಲಿನೊಳಗೆ ಪಿ.ಎಲ್.ಸಿ. ಎಂಬ ನಿಯಂತ್ರಕವಿರುತ್ತದೆ. 1968-69ರ ಸುಮಾರಿಗೆ ಅಮೆರಿಕದ ಮೋಟಾರು ಕಾರ್ಖಾನೆಗಳ ಅಗತ್ಯಕ್ಕಾಗಿ ರೂಪುಗೊಂಡ ಈ ಉಪಕರಣವು ಸಾಲುಸಾಲು ರಿಲೇಗಳ ಕೆಲಸವನ್ನು ತಾನೊಂದೇ ಮಾಡಬಲ್ಲುದು.

ಹಳೆಯ ಮಾದರಿಗಳಲ್ಲಿ ಯಂತ್ರವನ್ನು ನಡೆಸುವ ಪ್ರೋಗ್ರಾಂ, ವಿದ್ಯುತ್ತು ಹೋದೊಡನೆ ಅಳಿಸಿಹೋಗುವ ಬಗೆಯ ಸ್ಮೃತಿಯಲ್ಲಿ ಇರುತ್ತದೆ. ಕರೆಂಟು ಇಲ್ಲದ ವೇಳೆಯಲ್ಲಿ ಅದನ್ನು ಕಾಯುವುದು ಒಂದು ಚಿಕ್ಕ ಲಿಥಿಯಂ ಬ್ಯಾಟರಿ ಮಾತ್ರ. ಅದು ಸತ್ತ ದಿನ ಯಂತ್ರ ನಿಲ್ಲುವುದಿಲ್ಲ. ಮುಂದಿನ ಸಲ ಕರೆಂಟು ಹೋಗಿ ಬಂದಾಗ ನಿಲ್ಲುತ್ತದೆ. ಅನೇಕರು ಮೋಸಹೋಗುವುದು ಇಲ್ಲಿಯೇ. ಬ್ಯಾಟರಿಯ ಎಚ್ಚರಿಕೆಯ ದೀಪ ಹೊತ್ತಿಕೊಂಡಿದ್ದರೂ ಕೆಲಸ ನಡೆಯುತ್ತಿದೆಯಲ್ಲ ಎಂದು ಸುಮ್ಮನಿರುತ್ತಾರೆ.

ಬದಲಾಯಿಸುವ ಮುನ್ನ ಪ್ರೋಗ್ರಾಮಿನ ಪ್ರತಿಯೊಂದು ಕೈಯಲ್ಲಿರಬೇಕು. ಯಂತ್ರ ಕೊಳ್ಳುವಾಗ ಬೆಲೆಗಾಗಿ ಗಂಟೆಗಟ್ಟಲೆ ಚೌಕಾಸಿ ಮಾಡುವ ನಾವು ಈ ಪ್ರತಿಯನ್ನು ಮಾತ್ರ ಕೇಳುವುದಿಲ್ಲ! ಕೆಲವು ವರ್ಷಗಳಾದ ಮೇಲೆ ಮಾರಿದವರೇ ಸಿಗದೆ ಹೋಗಬಹುದು.

ಬದಲಾಯಿಸುವ ಕ್ರಮ ಎಲ್ಲಕ್ಕೂ ಒಂದೇ ಅಲ್ಲ. ಮಿತ್ಸುಬಿಷಿಯ ಎಫ್ಎಕ್ಸ್2ಎನ್ ಮಾದರಿಯಲ್ಲಿ ವಿದ್ಯುತ್ತನ್ನು ನಿಲ್ಲಿಸಿ, ಹಳೆಯ ಬ್ಯಾಟರಿ ತೆಗೆದ 20 ಸೆಕೆಂಡುಗಳೊಳಗೆ ಹೊಸದನ್ನು ಜೋಡಿಸಬೇಕು. ಸೀಮೆನ್ಸ್‌ನ ಎಸ್7-300ರ ಬ್ಯಾಟರಿಯುಳ್ಳ ಹಳೆಯ ಮಾದರಿಗಳಲ್ಲಾದರೋ ವಿದ್ಯುತ್ತು ಇರುವಾಗಲೇ ಬದಲಾಯಿಸಬೇಕು; ನಿಲ್ಲಿಸಿ ತೆಗೆದರೆ ಸ್ಮೃತಿ ಅಳಿಯುತ್ತದೆ. ಒಂದರ ರೂಢಿಯನ್ನು ಇನ್ನೊಂದಕ್ಕೆ ಅನ್ವಯಿಸಿದರೆ ಕೆಲಸ ಕೆಟ್ಟಿತು. ಆದಕಾರಣ ತಯಾರಕರ ಕೈಪಿಡಿಯನ್ನು ಮೊದಲು ಓದತಕ್ಕದ್ದು. ವಿದ್ಯುತ್ತು ಹರಿಯುತ್ತಿರುವ ಪ್ಯಾನೆಲ್ಲಿನಲ್ಲಿ 230 ವೋಲ್ಟಿನ ತಂತಿಗಳೂ ತೆರೆದಿರಬಹುದಾದ್ದರಿಂದ ಅಲ್ಲಿ ಕೈಯಿಡುವುದು ತರಬೇತಿ ಪಡೆದವರ ಕೆಲಸ, ಮನೆಯ ಹುಡುಗರದ್ದಲ್ಲ. ಅವರೂ ಭೂಸಂಪರ್ಕವಿರುವ ಲೋಹವನ್ನು ಒಮ್ಮೆ ಮುಟ್ಟಿ, ಮೈಯಲ್ಲಿನ ಸ್ಥಿರವಿದ್ಯುತ್ತನ್ನು ಕಳೆದುಕೊಂಡು ಮುಂದುವರಿಯುವುದು ಲೇಸು. ಬ್ಯಾಟರಿಯ ವೋಲ್ಟೇಜು, ಪ್ಲಗ್ಗು ಮತ್ತು ಧ್ರುವಗಳು ಮೊದಲಿನಂತೆಯೇ ಇರಬೇಕು. ಬದಲಾಯಿಸಿದ ದಿನಾಂಕವನ್ನು ಪ್ಯಾನೆಲ್ಲಿನ ಬಾಗಿಲಿನ ಒಳಬದಿಗೆ ಬರೆದಿಟ್ಟರೆ ಮುಂದೆ ಬರುವವನಿಗೂ ಅನುಕೂಲ.

ಹೊಸ ಮಾದರಿಗಳಲ್ಲಿ ಅನೇಕವು ಪ್ರೋಗ್ರಾಮನ್ನು ಬ್ಯಾಟರಿಯ ಹಂಗಿಲ್ಲದೆ ಉಳಿಸಿಕೊಳ್ಳುತ್ತವೆ.

ತೆಗೆದ ಲಿಥಿಯಂ ಬ್ಯಾಟರಿಯನ್ನು ಚಾರ್ಜು ಮಾಡುವುದಾಗಲಿ ಬೆಂಕಿಗೆ ಎಸೆಯುವುದಾಗಲಿ ಸಲ್ಲದು, ಅದು ಸಿಡಿಯಬಹುದು. ತುದಿಗಳಿಗೆ ಟೇಪು ಸುತ್ತಿ ಮಾರಿದವರಿಗೆ ಮರಳಿಸಬೇಕು. ಹಳೆಯ ಬ್ಯಾಟರಿಗಳನ್ನು ಸಂಗ್ರಹಿಸುವ ಹೊಣೆಯನ್ನು 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ತಯಾರಕರ ಮೇಲೆ ಹೊರಿಸಿವೆ. ನಾಣ್ಯದಾಕಾರದ್ದಾಗಿದ್ದರಂತೂ ಅಂಗಿಯ ಜೇಬಿನಲ್ಲಿ ಮನೆಗೆ ತರಲೇಬಾರದು. ಮಗು ನುಂಗಿ ಅದು ಅನ್ನನಾಳದಲ್ಲಿ ಸಿಕ್ಕಿಕೊಂಡರೆ 2 ಗಂಟೆಗಳಲ್ಲಿಯೇ ಒಳಗೆ ತೀವ್ರವಾಗಿ ಸುಟ್ಟುಹೋಗಬಹುದು. ಅಂಥ ಸಂಶಯ ಬಂದರೂ ಸಾಕು, ವಾಂತಿ ಮಾಡಿಸಲು ಹೋಗದೆ ನೇರವಾಗಿ ದೊಡ್ಡ ಆಸ್ಪತ್ರೆಗೆ ಕರೆದೊಯ್ಯಬೇಕು.