ಕಪಿಲೆಯ ನೀರು, ಕಂಪ್ಯೂಟರಿನ ಲೆಕ್ಕ: ಐದು ತಪ್ಪು ಕಲ್ಪನೆಗಳು

ವಯನಾಡಿನಲ್ಲಿ ಮಳೆ ಜೋರಾಯಿತೆಂದರೆ ನಂಜನಗೂಡಿನಲ್ಲಿ ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ: ಕಬಿನಿಯಿಂದ ಎಷ್ಟು ಬಿಟ್ಟಿದ್ದಾರೆ? ಒಳಹರಿವು, ಹೊರಹರಿವು, ಕ್ಯೂಸೆಕ್, ಟಿಎಂಸಿ ಎಂಬ ಮಾತುಗಳು ಇಲ್ಲಿ ಎಂಜಿನಿಯರಿಂಗ್ ಓದದವರಿಗೂ ಹೊಸತಲ್ಲ. ಆದರೂ ಇಲ್ಲಿನ ಮತ್ತು ತಿ. ನರಸೀಪುರದ ಕಾಲೇಜು ಹುಡುಗ ಹುಡುಗಿಯರು ‘ಕಂಪ್ಯೂಟರ್ ಮಾಡೆಲಿಂಗ್, ಸಿಮ್ಯುಲೇಷನ್’ ಎಂದೊಡನೆ ಅದು ತಮಗಲ್ಲ ಎಂದು ಹಿಂದೆ ಸರಿದುಬಿಟ್ಟರೆ ಅದು ದೊಡ್ಡ ನಷ್ಟ. ಆ ವಿದ್ಯೆಯ ಮೊದಲ ಪಾಠಗಳನ್ನು ಅವರ ಊರಿನ ಹೊಳೆಯಾದ ಕಪಿಲೆಯಿಂದಲೇ, ಅಂದರೆ ಕಬಿನಿಯಿಂದಲೇ, ಕಲಿಯಬಹುದು. ಅಡ್ಡ ನಿಂತಿರುವುದು ಕೆಲವು ತಪ್ಪು ಕಲ್ಪನೆಗಳು, ಅಷ್ಟೆ.

ತಪ್ಪು ಕಲ್ಪನೆ 1: ಇದಕ್ಕೆ ದುಬಾರಿ ಸಾಫ್ಟ್‌ವೇರ್, ದೊಡ್ಡ ಕಂಪ್ಯೂಟರ್ ಬೇಕು

ಸತ್ಯ: ಒಂದು ವ್ಯವಸ್ಥೆ ಹೇಗೆ ನಡೆಯುತ್ತದೆ ಎಂಬುದನ್ನು ಲೆಕ್ಕದಲ್ಲಿ ಬರೆದಿಟ್ಟರೆ ಅದು ಮಾಡೆಲ್. ಆ ಲೆಕ್ಕವನ್ನು ದಿನದಿಂದ ದಿನಕ್ಕೆ, ಗಂಟೆಯಿಂದ ಗಂಟೆಗೆ ಓಡಿಸಿ ನೋಡಿದರೆ ಸಿಮ್ಯುಲೇಷನ್. ಬೀಚನಹಳ್ಳಿಯ ಕಬಿನಿ ಜಲಾಶಯದ ಸರಳ ಮಾಡೆಲ್ ಒಂದೇ ಸಾಲಿನದು: ಇವತ್ತಿನ ಸಂಗ್ರಹಕ್ಕೆ ಒಳಹರಿವು ಕೂಡಿಸಿ, ಹೊರಹರಿವು ಕಳೆದರೆ ನಾಳೆಯ ಸಂಗ್ರಹ.

ಮಾಡಿಯೇ ನೋಡೋಣ. ಜಲಾಶಯದ ಸಾಮರ್ಥ್ಯ 19.52 ಟಿಎಂಸಿ. ಲೆಕ್ಕಕ್ಕೆಂದು, ಈಗ 18 ಟಿಎಂಸಿ ನೀರಿದೆ, ಒಳಹರಿವು 40,000 ಕ್ಯೂಸೆಕ್, ಹೊರಹರಿವು 30,000 ಕ್ಯೂಸೆಕ್ ಎಂದಿಟ್ಟುಕೊಳ್ಳಿ. ಸೆಕೆಂಡಿಗೆ 10,000 ಘನ ಅಡಿ ಉಳಿಯಿತು. ದಿನದ 86,400 ಸೆಕೆಂಡಿನಿಂದ ಗುಣಿಸಿದರೆ 86.4 ಕೋಟಿ ಘನ ಅಡಿ, ಅಂದರೆ 0.864 ಟಿಎಂಸಿ. ಅಣೆಕಟ್ಟೆ ತುಂಬಲು ಬೇಕಿರುವುದು 1.52 ಟಿಎಂಸಿ, ಸುಮಾರು 42 ಗಂಟೆಯಲ್ಲಿ ತುಂಬುತ್ತದೆ. ಈಗ ಒಳಹರಿವನ್ನು 50,000ಕ್ಕೆ ಏರಿಸಿ ನೋಡಿ: ಬರೀ 21 ಗಂಟೆ. ಒಳಹರಿವು ಹೆಚ್ಚಿದ್ದು ಕಾಲು ಭಾಗ, ಕೈಯಲ್ಲಿರುವ ಸಮಯ ಮಾತ್ರ ಅರ್ಧಕ್ಕಿಳಿಯಿತು. ‘ಹೀಗಾದರೆ ಏನಾದೀತು’ ಎಂದು ಕೇಳಿ ಇಂಥ ಉತ್ತರ ಪಡೆಯುವುದಕ್ಕೇ ಸಿಮ್ಯುಲೇಷನ್ ಇರುವುದು. ಇಷ್ಟಕ್ಕೆ ಎಕ್ಸೆಲ್ ಸಾಕು, ಕಾಗದ ಪೆನ್ಸಿಲ್ ಇದ್ದರೂ ಸಾಕು.

ಬಿಟ್ಟ ನೀರು ಹೊಳೆಯಲ್ಲಿ ಕೆಳಗಿಳಿಯುವ ಲೆಕ್ಕವೂ ಹೆದರಿಸುವಂಥದ್ದಲ್ಲ. ಇದಕ್ಕೆ ಇಂದಿಗೂ ಬಳಸುವ ಮಸ್ಕಿಂಗಮ್ ವಿಧಾನವನ್ನು ಅಮೆರಿಕದ ಜಿ.ಟಿ. ಮೆಕಾರ್ಥಿ ರೂಪಿಸಿದ್ದು 1938ರಲ್ಲಿ, ಇಂದಿನಂಥ ಕಂಪ್ಯೂಟರುಗಳು ಬರುವ ಮೊದಲು. ಕೆಳಗಿನ ಊರಿನಲ್ಲಿ ಈ ಗಂಟೆಯ ಹರಿವನ್ನು ಮೂರು ಅಂಶಗಳಿಂದ ಕಟ್ಟುತ್ತಾರೆ: ಮೇಲಿನಿಂದ ಈಗ ಬರುತ್ತಿರುವುದು, ಹಿಂದಿನ ಗಂಟೆ ಬಂದದ್ದು, ಹಿಂದಿನ ಗಂಟೆ ಊರು ದಾಟಿ ಹೋದದ್ದು. ಮೂರಕ್ಕೂ ಒಂದೊಂದು ಗುಣಕ. ಮೂರರ ಮೊತ್ತ 1 ಆಗಲೇಬೇಕು. ಆಗದಿದ್ದರೆ ಲೆಕ್ಕದೊಳಗೇ ನೀರು ಹುಟ್ಟುತ್ತದೆ, ಇಲ್ಲವೇ ಮಾಯವಾಗುತ್ತದೆ.

ತಪ್ಪು ಕಲ್ಪನೆ 2: ಕಂಪ್ಯೂಟರ್ ಕೊಟ್ಟ ಉತ್ತರ ತಪ್ಪಾಗುವುದಿಲ್ಲ

ಸತ್ಯ: ಕಂಪ್ಯೂಟರ್ ಕೂಡಿ ಕಳೆಯುವುದರಲ್ಲಿ ತಪ್ಪುವುದಿಲ್ಲ, ನಿಜ. ನಾವು ಕೊಟ್ಟ ಅಂಕಿ ಸರಿಯೋ ಎಂದು ಅದು ಕೇಳುವುದಿಲ್ಲ. ಮೇಲಿನ 40,000 ಕ್ಯೂಸೆಕ್ ಒಳಹರಿವಿನ ಅಂದಾಜು ನೂರಕ್ಕೆ ಹತ್ತರಷ್ಟು ಆಚೀಚೆ ಆಗಿದ್ದರೆ? 44,000 ಆಗಿದ್ದರೆ ಜಲಾಶಯ ಸುಮಾರು 30 ಗಂಟೆಯಲ್ಲಿ ತುಂಬುತ್ತದೆ. 36,000 ಆಗಿದ್ದರೆ ಸುಮಾರು 70 ಗಂಟೆ ಹಿಡಿಯುತ್ತದೆ. ಆದ್ದರಿಂದ ‘42 ಗಂಟೆ’ ಎಂದು ಒಂದೇ ಸಂಖ್ಯೆ ಹೇಳುವವನಿಗಿಂತ ‘30ರಿಂದ 70 ಗಂಟೆ’ ಎನ್ನುವವನು ಹೆಚ್ಚು ಪ್ರಾಮಾಣಿಕ.

ಹವಾಮಾನ ಶಾಸ್ತ್ರ ಈ ಪಾಠವನ್ನು ಕಷ್ಟಪಟ್ಟು ಕಲಿಯಿತು. ಬ್ರಿಟನ್ನಿನ ಲೂಯಿಸ್ ಫ್ರೈ ರಿಚರ್ಡ್‌ಸನ್ 1910ರ ಮೇ 20ರ ಹವೆಯನ್ನು ಕೈಲೆಕ್ಕದಲ್ಲೇ ಲೆಕ್ಕ ಹಾಕಿ, ಫಲಿತಾಂಶವನ್ನು 1922ರಲ್ಲಿ ಪ್ರಕಟಿಸಿದರು. ಆರು ಗಂಟೆಯಲ್ಲಿ ವಾಯುಭಾರ 145 ಮಿಲಿಬಾರ್ ಏರುತ್ತದೆ ಎಂದು ಬಂತು. ನಿಜದಲ್ಲಿ ಅದು ಹೆಚ್ಚುಕಡಿಮೆ ಇದ್ದಲ್ಲೇ ಇತ್ತು. ಸಮೀಕರಣಗಳು ಮೂಲತಃ ಸರಿಯಾಗಿದ್ದವು, ಎಡವಿದ್ದು ಆರಂಭದ ಅಂಕಿಗಳು. ಆ ಸೋಲನ್ನು ಅವರು ಮುಚ್ಚಿಡದೆ ಅಚ್ಚು ಹಾಕಿಸಿದ್ದರಿಂದಲೇ ಮುಂದಿನವರಿಗೆ ದಾರಿ ಸಿಕ್ಕಿತು.

ತಪ್ಪು ಕಲ್ಪನೆ 3: ಎಲ್ಲವನ್ನೂ ಸೇರಿಸಿದಷ್ಟೂ ಮಾಡೆಲ್ ಚೆನ್ನಾಗಿರುತ್ತದೆ

ಸತ್ಯ: ಏನನ್ನು ಸೇರಿಸಬೇಕು, ಏನನ್ನು ಬಿಡಬೇಕು ಎಂಬುದು ಕೇಳಿದ ಪ್ರಶ್ನೆಯ ಮೇಲೆ ನಿಂತಿದೆ. ಎರಡು ದಿನದ ಪ್ರವಾಹದ ಲೆಕ್ಕದಲ್ಲಿ ಜಲಾಶಯದಿಂದ ಆವಿಯಾಗುವ ನೀರನ್ನು ಬಿಟ್ಟರೆ ನಷ್ಟವಿಲ್ಲ. ಬೇಸಿಗೆಯ ಕುಡಿಯುವ ನೀರಿನ ಲೆಕ್ಕದಲ್ಲಿ ಅದನ್ನು ಬಿಟ್ಟರೆ ಲೆಕ್ಕವೇ ಕೆಡುತ್ತದೆ.

ಎರಡು ಊರುಗಳನ್ನು ಪಕ್ಕದಲ್ಲಿಟ್ಟು ನೋಡಿ. ನಂಜನಗೂಡಿಗೆ ಮಾಡೆಲ್ ಕಟ್ಟುವವರು ಕಬಿನಿಯ ಹೊರಹರಿವಿನ ಜೊತೆಗೆ ದಾರಿಯಲ್ಲಿ ಬಂದು ಸೇರುವ ನುಗು ಹೊಳೆಯನ್ನು ಮರೆಯುವಂತಿಲ್ಲ. ಆದರೆ ಕಾವೇರಿಗೆ ಕಟ್ಟಿದ ಕೆಆರ್‌ಎಸ್‌ನಿಂದ ಎಷ್ಟು ಬಿಟ್ಟರೆಂಬುದನ್ನು ಮೊದಲ ಲೆಕ್ಕದಲ್ಲಿ ಬದಿಗಿಡಬಹುದು. ತಿ. ನರಸೀಪುರದಲ್ಲಿ ಹಾಗೆ ಮಾಡಲಾಗದು. ಅಲ್ಲಿ ಕಪಿಲೆ ಕಾವೇರಿಯನ್ನು ಸೇರುತ್ತಾಳೆ. ಕಾವೇರಿ ತುಂಬಿದ್ದರೆ ಕಪಿಲೆಯ ನೀರು ಸರಾಗವಾಗಿ ಇಳಿಯದೆ ಹಿಂದಕ್ಕೆ ಒತ್ತಿ ನಿಲ್ಲುತ್ತದೆ. ಕಪಿಲೆಯಲ್ಲಿ ಹರಿವು ಅಷ್ಟೇ ಇದ್ದರೂ ಸಂಗಮದಲ್ಲಿ ನೀರಿನ ಮಟ್ಟ ಬೇರೆಯಾಗುತ್ತದೆ. ಹೊಳೆ ಅದೇ, ಮಾಡೆಲಿನ ಎಲ್ಲೆ ಬೇರೆ.

ಲೆಕ್ಕದ ಹೆಜ್ಜೆಯೂ ಹಾಗೆಯೇ. ಜಲಾಶಯಕ್ಕೆ ದಿನದ ಸರಾಸರಿ ನಡೆಯುತ್ತದೆ. ನಾಲ್ಕೇ ಗಂಟೆ ಉಕ್ಕಿ ಇಳಿಯುವ ನೀರು ಆ ಸರಾಸರಿಯಲ್ಲಿ ಮುಳುಗಿ ಹೋಗುತ್ತದೆ. ದಡದ ಬೀದಿಗಳಿಗೆ ಗಂಟೆಯ ಲೆಕ್ಕವೇ ಬೇಕು.

ತಪ್ಪು ಕಲ್ಪನೆ 4: ಹಳೆಯ ಪ್ರವಾಹಕ್ಕೆ ಹೊಂದಿಕೊಂಡರೆ ಮಾಡೆಲ್ ಗೆದ್ದಂತೆ

ಸತ್ಯ: ಗುಣಕಗಳನ್ನು ಅತ್ತಿತ್ತ ತಿರುವಿದರೆ ಯಾವ ಹಳೆಯ ಪ್ರವಾಹಕ್ಕೂ ಮಾಡೆಲನ್ನು ಹೊಂದಿಸಬಹುದು. ಹೊಂದಿಸಲು ಬಳಸಿದ ಅಂಕಿಗಳಿಂದಲೇ ಪರೀಕ್ಷೆ ಮಾಡಿದರೆ ಅದು ಪರೀಕ್ಷೆಯಲ್ಲ. ನಂಜನಗೂಡಿಗೆ 2018ರ ಆಗಸ್ಟಿನಲ್ಲೂ 2019ರ ಆಗಸ್ಟಿನಲ್ಲೂ ಕಪಿಲೆ ಉಕ್ಕಿ ಬಂದಳು. 2018ರ ಅಂಕಿಗಳಿಂದ ಗುಣಕಗಳನ್ನು ಹೊಂದಿಸಿ, ಆಮೇಲೆ ಅವುಗಳನ್ನು ಮುಟ್ಟದೆ 2019ರ ಪ್ರವಾಹವನ್ನು ಲೆಕ್ಕ ಹಾಕಿಸಿ. ಉತ್ತರ ಅಳತೆಯ ಹತ್ತಿರ ಬಂದರೆ ಮಾಡೆಲನ್ನು ಸ್ವಲ್ಪ ನಂಬಬಹುದು. ದೂರ ಉಳಿದರೆ ಅದು ಇನ್ನೂ ಹೆಚ್ಚಿನ ಪಾಠ: ಏನನ್ನೋ ಬಿಟ್ಟಿದ್ದೇವೆ ಎಂದು ಗೊತ್ತಾಗುತ್ತದೆ. ಕೇಂದ್ರ ಜಲ ಆಯೋಗವು ವಯನಾಡಿನ ಮುತ್ತಂಕರದಲ್ಲೂ ತಿ. ನರಸೀಪುರದಲ್ಲೂ ಕಬಿನಿಯ ನೀರನ್ನು ಅಳೆಯುತ್ತದೆ. ಮಾಡೆಲಿನ ಮಾತಿಗೆ ಸಾಕ್ಷಿ ಹೇಳಬೇಕಾದ್ದು ಇಂಥ ಅಳತೆಗಳು.

ತಪ್ಪು ಕಲ್ಪನೆ 5: ಮಾಡೆಲ್ ಇದ್ದ ಮೇಲೆ ಊರವರ ಅನುಭವ ಬೇಕಿಲ್ಲ

ಸತ್ಯ: ಕ್ಯೂಸೆಕ್ ಲೆಕ್ಕ ಹರಿವನ್ನು ಹೇಳುತ್ತದೆ, ನೀರು ಯಾರ ಹೊಸ್ತಿಲು ಮುಟ್ಟಿತು ಎಂಬುದನ್ನು ಬಲ್ಲವರು ಅಲ್ಲಿ ಬದುಕುವವರು. ನಂಜನಗೂಡಿನ ಸ್ನಾನಘಟ್ಟದಲ್ಲಿ ನೀರು ಹದಿನಾರು ಕಾಲು ಮಂಟಪದ ಯಾವ ಮಟ್ಟಕ್ಕೆ ಬಂದಿತ್ತು, ಮಲ್ಲನಮೂಲೆಯ ಬಳಿ ಹೆದ್ದಾರಿಯ ಮೇಲೆ ಎಷ್ಟು ಹೊತ್ತಿಗೆ ಹತ್ತಿತು, ತಿ. ನರಸೀಪುರದಲ್ಲಿ ಗುಂಜಾ ನರಸಿಂಹಸ್ವಾಮಿ ದೇವಸ್ಥಾನದ ಕಡೆ ಎಲ್ಲಿವರೆಗೆ ಏರಿತು ಎಂಬ ನೆನಪುಗಳನ್ನು ದಿನಾಂಕ, ಗಂಟೆ, ಅಡಿಗಳಲ್ಲಿ ಬರೆದಿಟ್ಟರೆ ಅವೇ ದತ್ತಾಂಶ. ಗೋಡೆಯ ಮೇಲಿನ ಕೆಸರಿನ ಗೆರೆಗೆ ಟೇಪು ಹಿಡಿದು ಅಳೆಯುವುದೂ ಮಾಡೆಲಿಂಗಿನ ಕೆಲಸವೇ.

ಆರಂಭಿಸುವವರು ಹೀಗೆ ಮಾಡಿ. ಮಳೆಗಾಲದಲ್ಲಿ ಪತ್ರಿಕೆಯ ಜಲಾಶಯ ಮಟ್ಟದ ಪಟ್ಟಿಯಿಂದ ಕಬಿನಿಯ ಒಳಹರಿವು, ಹೊರಹರಿವು, ಸಂಗ್ರಹಗಳನ್ನು ದಿನವೂ ಬರೆದುಕೊಳ್ಳಿ. ನಾಳೆಯ ಸಂಗ್ರಹವನ್ನು ನೀವೇ ಲೆಕ್ಕ ಹಾಕಿ, ನಾಳಿನ ಪತ್ರಿಕೆ ಬರುವ ಮುನ್ನ ದಿನಾಂಕ ಹಾಕಿ ಬರೆದಿಡಿ. ಯಾವುದನ್ನು ಲೆಕ್ಕಕ್ಕೆ ತೆಗೆದುಕೊಂಡಿಲ್ಲ ಎಂಬುದನ್ನೂ ಅದೇ ಹಾಳೆಯಲ್ಲಿ ಬರೆಯಿರಿ. ತಿಂಗಳ ಕೊನೆಗೆ ವ್ಯತ್ಯಾಸಗಳನ್ನು ಕೂತು ನೋಡಿ, ಕಾರಣ ಹುಡುಕಿ. ಅಮೆರಿಕದ ಸೇನಾ ಎಂಜಿನಿಯರುಗಳ ದಳ ಉಚಿತವಾಗಿ ಕೊಡುವ ಹೆಕ್-ಎಚ್‌ಎಂಎಸ್‌ನಂಥ ಸಾಫ್ಟ್‌ವೇರನ್ನು ಆಮೇಲೆ ಕಲಿಯಬಹುದು. ಪೈಥಾನ್ ಕೂಡ ಉಚಿತ. ಮುಂಚಿತವಾಗಿ ಹೇಳುವುದು, ಹೇಳಿದ್ದನ್ನು ಅಳತೆಗೆ ಹೋಲಿಸುವುದು, ತಪ್ಪಿದಲ್ಲಿ ತಿದ್ದಿಕೊಳ್ಳುವುದು: ಈ ಶಿಸ್ತು ಕೈಗೆ ಬಂದವರು ಮಾಡೆಲಿಂಗಿನ ಬುನಾದಿ ಕಲಿತಂತೆಯೇ. ಪ್ರತಿ ಮುಂಗಾರಿನಲ್ಲೂ ಹೊಳೆಯನ್ನು ಎದುರು ನೋಡುವ ಎರಡು ಊರುಗಳಿಗೆ ಇಂಥ ಮಕ್ಕಳು ಬೇಕು.